ಅಲುಗಾಡದವರಿಗೆ ಬೆಳಕಿಲ್ಲ

ಬೆಳಗಾಗುವ ಹೊತ್ತಿಗೆ ಅತ್ತೆ ಹೋಗಿಬಿಟ್ಟಿದ್ದಳು. ಸೊಸೆ ಎಂದಿನಂತೆ ಬಿಸಿನೀರಿನ ಲೋಟ ಹಿಡಿದು ಎಬ್ಬಿಸಿದಳು. ಏಳಲಿಲ್ಲ. ಕೈ ಮುಟ್ಟಿ ನೋಡಿದಳು. ಕೈ ತಣ್ಣಗಿತ್ತು. ಲೋಟ ಬಿಸಿಯಾಗಿತ್ತು. ಅದನ್ನು ಏನು ಮಾಡಬೇಕೆಂದು ತೋಚದೆ ತಾನೇ ಕುಡಿದಳು.

ಅಳು ಬರಲಿಲ್ಲ. ಬರುತ್ತದೆ ಎಂದು ಸ್ವಲ್ಪ ಹೊತ್ತು ಕಾದಳು. ಆಮೇಲೆ ಎದ್ದು ಅತ್ತೆಯ ಕಾಲು ನೆಟ್ಟಗೆ ಮಾಡಿದಳು. ಕಣ್ಣು ಮುಚ್ಚಿದ್ದವು. ಮುಚ್ಚುವ ಕೆಲಸ ಉಳಿದಿರಲಿಲ್ಲ. ಒಂದೇ ಕೋಣೆಯ ಮನೆ. ಒಂದೇ ಬಲ್ಬು, ಉದ್ದದ ವೈರಿನಲ್ಲಿ ನೇತಾಡುತ್ತಿತ್ತು. ಅದನ್ನು ಎಳೆದು ತಂದು ಅತ್ತೆಯ ತಲೆಯ ಮೇಲಿನ ಮೊಳೆಗೆ ಸಿಕ್ಕಿಸಿ ಹೊತ್ತಿಸಿದಳು. ಪಕ್ಕದ ಮನೆಯ ಅಜ್ಜಿಯನ್ನು ಕರೆದು ಕೂರಿಸಿದಳು. ತಲೆಗೆ ಬಟ್ಟೆ ಕಟ್ಟಿಕೊಂಡಳು.

"ಎಲ್ಲಿಗೆ ಹೊರಟೆ?" ಅಂದಳು ಅಜ್ಜಿ.

"ಕೆಲಸಕ್ಕೆ."

"ಹೆಣ ಮನೇಲಿಟ್ಕೊಂಡು ಕೆಲಸಕ್ಕೆ ಹೋಗ್ತಾರೇನೇ? ಜನ ಏನಂತಾರೆ?"

"ಬೀಗದ ಕೈ ಅಲ್ಲಿದೆ," ಅಂದಳು.

ಅಜ್ಜಿ ಹೋಗು ಎಂದು ಕೈ ಬೀಸಿದಳು. ಅಜ್ಜಿಯ ಗಂಡನೂ ಆ ಬೀಗದ ಒಳಗಿನ ಮಣ್ಣಲ್ಲೇ ಇದ್ದ.

ಈ ಸೊಸೆಯನ್ನು ಕೆಲಸದವರೆಲ್ಲ ಜರಡಿಯಮ್ಮ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರನ್ನು ಕರೆಯುತ್ತಿದ್ದವನು ಗಂಡ. ಅವನು ಹೋದ ಮೇಲೆ ಅತ್ತೆ. ಇವತ್ತಿನಿಂದ ಅದನ್ನು ಕರೆಯುವವರು ಯಾರೂ ಇಲ್ಲ. ಕಟ್ಟಡ ಒಡೆದ ಕಡೆ ಬೀಳುವ ಕಸವನ್ನು ಬೇರೆ ಮಾಡುವುದು ಅವಳ ಕೆಲಸ. ಒಡೆದ ಗೋಡೆ ಒಟ್ಟಿಗೆ ಬೀಳುತ್ತದೆ. ಅದರಲ್ಲಿ ಕಲ್ಲು ಇರುತ್ತದೆ, ಕಬ್ಬಿಣ ಇರುತ್ತದೆ, ಮರ ಇರುತ್ತದೆ. ಯಾವುದಕ್ಕೂ ಸೇರದ ಪುಡಿ ಇರುತ್ತದೆ. ನಾಲ್ಕಕ್ಕೂ ನಾಲ್ಕು ಗುಡ್ಡೆ. ಕುಕ್ಕರಗಾಲಲ್ಲಿ ಕೂತು, ಸುತ್ತಿಗೆಯಲ್ಲಿ ಕುಟ್ಟಿ, ಕೈಯಲ್ಲಿ ಎತ್ತಿ, ನೋಡದೆ ಎಸೆಯಬೇಕು. ನೋಡುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಕೈ ತಾನಾಗಿ ತಿಳಿಯಬೇಕು. ಉಗುರಿನ ಸಂದಿನಲ್ಲಿ ಸುಣ್ಣ ಕೂತು ಬೆರಳ ತುದಿ ಸೀಳುತ್ತದೆ. ಸಂಜೆ ಮುದ್ದೆಯಂತೆ ಊದಿದ ಬೆರಳನ್ನು ಮಡಚಲು ಬರುವುದಿಲ್ಲ. ಗಂಟಲಲ್ಲಿ ದಿನವಿಡೀ ಸಿಮೆಂಟಿನ ರುಚಿ.

ಅಲ್ಲಿ ಮೊದಲು ಹಳೆಯ ಹಾಸ್ಟೆಲ್ಲಿತ್ತು. ಅದರ ಸ್ನಾನದ ಮನೆಗಳಿಗೆ ನೀಲಿ ಟೈಲು ಹಾಕಿದ್ದರು. ಅವನ್ನು ಕಿತ್ತವಳು ಜರಡಿಯಮ್ಮನೇ. ಹಾಸ್ಟೆಲ್ಲು ಹೋಗಿ ಗಾಜಿನ ಕಟ್ಟಡ ಎದ್ದಿತು. ಕಟ್ಟಡಕ್ಕಿಂತ ಮೊದಲು ಬಂದವನು ಒಬ್ಬ ಕನ್ನಡಕದ ಹುಡುಗಮೋರೆಯ ಸಾಹೇಬ. ಹೆಂಗಸರನ್ನೆಲ್ಲ ನಿಲ್ಲಿಸಿ ಪಾಠ ಮಾಡಿದ.

"ಈ ಕಟ್ಟಡಕ್ಕೆ ಪರೀಕ್ಷೆ ಇದೆ, ಶಾಲೆ ಮಕ್ಕಳಿಗೆ ಇದ್ದ ಹಾಗೆ. ನೀರು ಉಳಿಸಿದ್ರೆ ಅಂಕ. ಕರೆಂಟು ಉಳಿಸಿದ್ರೆ ಅಂಕ. ಸೈಕಲ್ಲಲ್ಲಿ ಬರೋರಿಗೆ ನಿಲ್ಲಿಸೋ ಜಾಗ, ಸ್ನಾನದ ಮನೆ ಕಟ್ಟಿದ್ರೆ ಅದಕ್ಕೂ ಅಂಕ. ಒಡೆದ ಕಸವನ್ನ ಊರಾಚೆ ಎಸೀದೆ ಮತ್ತೆ ಬಳಸಿದ್ರೆ ಅಂಕ. ಎಲ್ಲ ಕೂಡಿಸಿ ಜಾಸ್ತಿ ಬಂದ್ರೆ ಮೇಲಿನ ದರ್ಜೆ. ಬಾಗಿಲಲ್ಲಿ ಫಲಕ ಹಾಕ್ತಾರೆ. ಫಲಕ ನೋಡಿ ದೊಡ್ಡ ದೊಡ್ಡ ಕಂಪನಿ ಬಾಡಿಗೆಗೆ ಬರ್ತವೆ. ಭೂಮಿಗೂ ಒಳ್ಳೇದು."

"ನಮಗೆಷ್ಟು ಅಂಕ ಸ್ವಾಮಿ?" ಅಂದಳು ಬಾಯಾಳಿ. ಆ ಗುಂಪಿನಲ್ಲಿ ಬಾಯಿ ಮುಚ್ಚದವಳು ಅವಳೊಬ್ಬಳೇ, ಅದಕ್ಕೇ ಆ ಹೆಸರು.

"ನಿಮಗ್ಯಾಕಮ್ಮ ಅಂಕ?"

"ಫೇಲಾದ್ರೆ ಹೊಡೀಬೇಡಿ ಅಂತ ಮೊದಲೇ ಕೇಳ್ಕೊಂಡೆ."

ಎಲ್ಲರೂ ನಕ್ಕರು. ಅವತ್ತಿನಿಂದ ಅವನು ಅಂಕದಯ್ಯ.

ಸೈಕಲ್ಲಿನವರ ಸ್ನಾನದ ಮನೆ ಮುಗಿಯಿತು. ಬಿಸಿನೀರು ಬಂತು. ಸೈಕಲ್ಲು ಮಾತ್ರ ಒಂದೂ ಬರಲಿಲ್ಲ. ಹೆಂಗಸರು ಮೈತುಂಬ ಸುಣ್ಣದ ಪುಡಿ ಹೊತ್ತು ಅದರ ಮುಂದೆಯೇ ಮನೆಗೆ ಹೋಗುತ್ತಿದ್ದರು. ಒಂದು ಸಲ ಬಾಯಾಳಿ ಒಳಗೆ ಹೋಗಿ ಮುಖ ತೊಳೆದಳು. ಮೇಸ್ತ್ರಿ ಕೂದಲು ಹಿಡಿದು ಹೊರಗೆ ಎಳೆದ. "ಅದು ನಿಮ್ಮಂಥೋರಿಗಲ್ಲ" ಅಂದ. ನಿಮ್ಮಂಥೋರು ಅಂದರೆ ಯಾರು ಎಂದು ಅವನೂ ಬಿಡಿಸಿ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹುಟ್ಟಿದಾಗಿನಿಂದ ಗೊತ್ತಿರುವುದನ್ನು ಯಾರು ಕೇಳುತ್ತಾರೆ?

ಊರಿನ ಸ್ಮಶಾನವೂ ನಿಮ್ಮಂಥೋರಿಗಲ್ಲ. ಅದಕ್ಕೇ ಇವರ ಜನ ಅಜ್ಜ ಮುತ್ತಜ್ಜರ ಕಾಲದಿಂದ ಹಾಸ್ಟೆಲ್ಲಿನ ಹಿಂದೆ, ಚರಂಡಿಯ ಆಚೆಗೆ ಒಂದು ತಗ್ಗಿನಲ್ಲಿ ಹೂಳುತ್ತಿದ್ದರು. ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ. ಯಾರಿಗೂ ಬೇಡವಾಗಿತ್ತು, ಹಾಗಾಗಿ ಇವರಿಗೆ ಸಿಕ್ಕಿತ್ತು. ಇವರಲ್ಲಿ ಸತ್ತರು ಎನ್ನುತ್ತಿರಲಿಲ್ಲ. ತಗ್ಗಿಗೆ ಹೋದರು ಎನ್ನುತ್ತಿದ್ದರು.

ಜರಡಿಯಮ್ಮನ ಗಂಡ ಗಾರೆಯವನು. ಎದೆಯಲ್ಲಿ ಪುಡಿ ಕೂತು ಕೆಮ್ಮಿ ಕೆಮ್ಮಿ ತಗ್ಗಿಗೆ ಹೋದ. ತಲೆಗಲ್ಲು ಹಾಕಿಸುವ ಶಕ್ತಿ ಇರಲಿಲ್ಲ. ಅವನ ಕರಣೆಯನ್ನೇ, ಗೋಡೆಗೆ ಗಾರೆ ಬಳಿಯುತ್ತಿದ್ದ ಆ ಕಬ್ಬಿಣದ ಕರಣೆಯನ್ನೇ, ಹಿಡಿ ಮೇಲೆ ಮಾಡಿ ಒಂದು ಬೊಗಸೆ ಸಿಮೆಂಟಿನಲ್ಲಿ ನೆಟ್ಟಳು. ಅತ್ತೆ ಆ ಮಣ್ಣಿನ ಪಕ್ಕದಲ್ಲಿ ಕೂತು ಕೈಯಲ್ಲಿ ಅಳತೆ ಮಾಡಿದಳು.

"ತಾಯಿ ಮೊದಲು, ಮಗ ಆಮೇಲೆ ಹೋಗೋದು. ನಂಗೆ ಉಲ್ಟಾ ಆಯ್ತು. ದೇವರ ಮನಸ್ಸು. ಇಲ್ಲಿ ನನ್ನಷ್ಟು ಜಾಗ ಬಿಟ್ಟಿರು. ನಾನೇನು ದಪ್ಪ ಇಲ್ಲ."

ಅಂದಿನಿಂದ ಅತ್ತೆಯ ಬೇಡಿಕೆ ಅದೊಂದೇ ಆಯಿತು. ಊಟ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಕಣ್ಣು ಮಂಜಾಗಿ ಮೂಲೆ ಹಿಡಿದ ಮೇಲೂ ಸಂಜೆ ಸೊಸೆ ಬಂದೊಡನೆ ಕೇಳುತ್ತಿದ್ದಳು: "ಜಾಗ ಇದೆಯಲ್ವಾ?"

"ಇದೆ," ಅನ್ನುತ್ತಿದ್ದಳು ಸೊಸೆ.

ಇರಲಿಲ್ಲ.

ಒಂದು ರಜೆಯ ದಿನ ಗಂಡನನ್ನು ನೋಡಿ ಬರಲು ಹೋದಾಗ ತಗ್ಗಿನ ಸುತ್ತ ಬೇಲಿ ಬಂದಿತ್ತು. ಬೇಲಿಯ ಬಾಗಿಲಿಗೆ ಬೀಗ ಹಾಕಿ, ಸುತ್ತಲೂ ಹಸಿರು ಪರದೆ ಕಟ್ಟಿದ್ದರು. ಪರದೆಯ ಹರಕಿನಲ್ಲಿ ಕಣ್ಣಿಟ್ಟು ನೋಡಿದಳು. ತಗ್ಗು ಇರಲಿಲ್ಲ. ಕಲ್ಲು ಪುಡಿ ತುಂಬಿ ನೆಲ ಸಮವಾಗಿತ್ತು. ಬಿಸಿಲಿಗೆ ಅಲ್ಲಲ್ಲಿ ನೀಲಿ ಚೂರು ಹೊಳೆಯಿತು. ಅವು ಯಾವ ಗೋಡೆಯವು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮರುದಿನ ಲಾರಿಯವನನ್ನು ಕೇಳಿದಳು.

"ಅಲ್ಲಿಗ್ಯಾಕೆ ಸುರಿದಿರಿ?"

"ಹತ್ತಿರದಲ್ಲೇ ಬಳಸಿದ್ರೆ ಅಂಕವಂತಮ್ಮ. ದೂರ ಒಯ್ದರೆ ಡೀಸೆಲ್ಲು, ಹೊಗೆ. ಅದರ ಮೇಲೆ ಪಾಳು ಜಾಗವನ್ನ ಹಸಿರು ಮಾಡಿದ್ರೆ ಬೇರೆ ಅಂಕ. ಹುಲ್ಲು ಹಾಸ್ತಾರೆ, ಗಿಡ ನೆಡ್ತಾರೆ."

"ಅಲ್ಲಿ ನಮ್ಮೋರಿದ್ದಾರೆ."

ಅವನು ಸ್ಟಿಯರಿಂಗಿನ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದ. "ಪಾಳು ಅಂತ ಹೇಳಿದ್ರು. ನಂಗೇನು ಗೊತ್ತು? ಮಣ್ಣಿನ ಕೆಳಗೆ ಇರೋರು ಕೂಗಿ ಹೇಳ್ತಾರಾ?"

ಅವಳು ಹೋಗಿ ತನ್ನ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತಳು. ಕಲ್ಲು ಕಲ್ಲಿಗೆ, ಕಬ್ಬಿಣ ಕಬ್ಬಿಣಕ್ಕೆ ಎಸೆದಳು. ತನ್ನ ಕೈಯಲ್ಲಿ ಬೇರೆ ಮಾಡಿದ್ದನ್ನೇ, ತಾನೇ ಬುಟ್ಟಿಯಲ್ಲಿ ಹೊತ್ತು ಲಾರಿಗೆ ತುಂಬಿದ್ದನ್ನೇ ಗಂಡನ ಎದೆಯ ಮೇಲೆ ಸುರಿದಿದ್ದರು. ಅವತ್ತೂ ತುಂಬಿದಳು. ಮರುದಿನವೂ ತುಂಬಿದಳು. ಉಳಿದ ಹೆಂಗಸರಿಗೂ ಗೊತ್ತಿತ್ತು. ಒಬ್ಬಳ ಮಗು ಅಲ್ಲಿತ್ತು, ಒಬ್ಬಳ ಅಣ್ಣ ಅಲ್ಲಿದ್ದ. ಕೂಲಿ ನಿಂತರೆ ಒಲೆ ನಿಲ್ಲುತ್ತದೆ ಎಂದು ಯಾರೂ ಬಾಯಿ ಬಿಡಲಿಲ್ಲ. ಬಾಯಾಳಿಯೂ ಬಿಡಲಿಲ್ಲ.

ಕಟ್ಟಡ ಮುಗಿಯುತ್ತ ಬಂದಾಗ ಇವರನ್ನು ಒಳಗೆ ನೆಲ ಉಜ್ಜಲು ಹಾಕಿದರು. ಅಂಟಿನ ಕಲೆಗಳನ್ನು ಮಂಡಿಯೂರಿ ಕೆರೆಯುವ ಕೆಲಸ. ಅಲ್ಲಿ ದೀಪಕ್ಕೆ ಗುಂಡಿ ಇರಲಿಲ್ಲ. ಸೂರಿನಲ್ಲಿ ಬಟ್ಟಲಿನಂಥ ಒಂದು ಕಣ್ಣು. ಯಾರಾದರೂ ಓಡಾಡಿದರೆ ದೀಪ ಹತ್ತುತ್ತದೆ. ಯಾರೂ ಅಲುಗಾಡದಿದ್ದರೆ ಆರುತ್ತದೆ. ಆ ಕಣ್ಣು ನಿಂತು ನಡೆಯುವವರಿಗೆಂದು ಇಟ್ಟದ್ದು. ನೆಲಕ್ಕೆ ಬಾಗಿ ಒಂದೇ ಕಲೆಯನ್ನು ಕೆರೆಯುತ್ತಿದ್ದರೆ ಅದಕ್ಕೆ ಕಾಣುತ್ತಿರಲಿಲ್ಲ. ಕೆರೆಯುತ್ತಿದ್ದಂತೆ ಫಕ್ಕನೆ ಕತ್ತಲಾಗುತ್ತಿತ್ತು. ಎದ್ದು ಕೈ ಬೀಸಬೇಕು. "ನಾನಿದ್ದೀನಪ್ಪಾ, ಸತ್ತಿಲ್ಲ" ಎಂದು ಬಾಯಾಳಿ ಸೂರಿಗೆ ಕೈಮುಗಿಯುತ್ತಿದ್ದಳು.

ಜರಡಿಯಮ್ಮ ಇದನ್ನು ಅತ್ತೆಗೆ ಹೇಳಿದಳು. ಅತ್ತೆಗೆ ನಂಬಿಕೆ ಬರಲಿಲ್ಲ. ದಿನಾ ಸಂಜೆ ಗೋಡೆಗೆ ಒರಗಿ, ಕೈ ಜೋಡಿಸಿ, ಉಸಿರೂ ಕೇಳದ ಹಾಗೆ ದೇವರ ಹೆಸರು ಹೇಳಿಕೊಂಡು ಕೂರುವ ಮುದುಕಿ ಅವಳು.

"ಅಲುಗಾಡದೆ ಕೂತ್ರೆ ದೀಪ ಹೋಗುತ್ತಾ?"

"ಹೋಗುತ್ತೆ."

ಅತ್ತೆ ಜೋಡಿಸಿದ ಕೈ ಬಿಡಿಸಿದಳು. "ಹಾಗಾದ್ರೆ ಆ ಮನೇಲಿ ದೇವರನ್ನ ನೆನೆಯೋಕೂ ಆಗಲ್ಲ, ನೆಮ್ಮದಿಯಾಗಿ ಸಾಯೋಕೂ ಆಗಲ್ಲ. ಅಂಥ ಮನೆ ಯಾಕೆ ಕಟ್ತಾರೆ?"

ಆ ಅತ್ತೆ ಈಗ ಬಲ್ಬಿನ ಕೆಳಗೆ ಅಲುಗಾಡದೆ ಮಲಗಿದ್ದಳು. ಸೊಸೆ ಬೀಗದ ಕೈಗೆ ಹೊರಟಿದ್ದಳು.

ಮೇಸ್ತ್ರಿ ಅವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಹೆಂಗಸರಿಗೆಲ್ಲ ಹಳದಿ ಟೋಪಿ, ಹೊಸ ಕೈಗವಸು ಹಂಚುತ್ತಿದ್ದ. ಗೋಡೆ ಒಡೆದ ದಿನಗಳಲ್ಲಿ ಕಣ್ಣಿಗೆ ಬೀಳದ ಟೋಪಿ ಅವತ್ತು ಬಂದಿತ್ತು. ಅಂಕ ಹಾಕುವ ಹಿರಿಯ ಪರೀಕ್ಷಕ ಬರುವ ದಿನ ಅದು.

"ಹಿಂದಿನ ಬೇಲಿಯ ಬೀಗ ತೆಗಿಸಿ ಕೊಡಿ," ಅಂದಳು ಜರಡಿಯಮ್ಮ. "ಅತ್ತೆ ಹೋದರು. ಮಣ್ಣು ಮಾಡಬೇಕು."

ಮೇಸ್ತ್ರಿ ಅವಳ ಮುಖ ನೋಡಿದ. ಕಣ್ಣು ಒಣಗಿದ್ದನ್ನು ನೋಡಿ ಸುಳ್ಳು ಎಂದುಕೊಂಡನೋ ಏನೋ. "ಇವತ್ತು ಪರೀಕ್ಷೆ. ಆ ಹುಲ್ಲಿನ ಜಾಗಾನೂ ತೋರಿಸ್ಬೇಕು. ನಾಳೆ ಬಾ."

"ಹೆಣ ನಾಳೆವರೆಗೆ ಕಾಯುತ್ತಾ?"

"ಬೇರೆ ಕಡೆ ಹೂಳಿ."

"ಎಲ್ಲಿ?"

ಅವನು ಒಂದು ಟೋಪಿ, ಒಂದು ಜೊತೆ ಕೈಗವಸು ಅವಳ ಕೈಗಿಟ್ಟ. "ಮೊದಲು ಮೇಲಿನ ಹಾಲ್‌ಗೆ ಹೋಗಿ ಕೂತ್ಕೋ," ಅಂದ. "ದೀಪದ ಪರೀಕ್ಷೆಗೆ ಜನ ಬೇಕು. ಅದಾಗ್ಲಿ, ಸಾಹೇಬರ ಹತ್ರ ಮಾತಾಡ್ತೀನಿ."

ಅವಳು ಟೋಪಿ ಹಾಕಿಕೊಂಡು ಹೋದಳು. ಮಾತಾಡುತ್ತಾನೆ ಎಂದು ನಂಬಿ ಹೋದಳೋ, ಹೋಗು ಅಂದದ್ದಕ್ಕೆ ಹೋದಳೋ, ಅವಳಿಗೇ ಗೊತ್ತಿರಲಿಲ್ಲ. ಕಾಲು ನಡೆಯಿತು.

ಮೇಲಿನ ಹಾಲಿಗೆ ಕುರ್ಚಿ ಮೇಜು ಇನ್ನೂ ಬಂದಿರಲಿಲ್ಲ. ಕಿಟಕಿಗಳಿಗೆ ದಪ್ಪ ಪರದೆ ಇಳಿಬಿಟ್ಟಿದ್ದರು. ಅಂಕದಯ್ಯ ಹೆಂಗಸರನ್ನು ಸಾಲಾಗಿ ನೆಲದ ಮೇಲೆ ಕೂರಿಸಿದ.

"ನಾನು ಪರೀಕ್ಷಕರನ್ನ ಕರ್ಕೊಂಡು ಗಾಜಿನ ಬಾಗಿಲಾಚೆ ನಿಲ್ತೀನಿ. ನೀವು ಅಲುಗಾಡ್ಬೇಡಿ. ದೀಪ ಆರುತ್ತೆ. ಆಮೇಲೆ ನಾನು ಕೈ ಎತ್ತಿದ ಕೂಡ್ಲೇ ಎದ್ದು ಓಡಾಡಿ. ದೀಪ ಹತ್ತುತ್ತೆ. ಅಷ್ಟೇ ಕೆಲಸ."

"ಕೂತು ಕೂಲಿ ತಗೊಳ್ಳೋ ದಿನ ಬಂತಲ್ಲೇ," ಅಂದಳು ಬಾಯಾಳಿ. "ನಮ್ಮಮ್ಮ ಇದ್ದಿದ್ರೆ ನೋಡಿ ಸಂತೋಷ ಪಡ್ತಿದ್ಲು." ಆಮೇಲೆ ಪಕ್ಕಕ್ಕೆ ತಿರುಗಿದಳು. "ಯಾಕೆ ಹಾಗಿದ್ದೀಯ ಜರಡಿ?"

"ಅತ್ತೆ ತಗ್ಗಿಗೆ ಹೋದರು," ಅಂದಳು ಜರಡಿಯಮ್ಮ. ಹಾಗೆ ಅಂದ ಮೇಲೆ ತನ್ನ ಮಾತು ತನಗೇ ಕೇಳಿತು. "ಹೋಗಿಲ್ಲ. ಮನೇಲಿದ್ದಾರೆ. ತಗ್ಗಿಗೆ ಬೀಗ ಹಾಕಿದ್ದಾರೆ."

ಬಾಯಾಳಿ ಆಚೆ ಪಕ್ಕದವಳ ಕಿವಿಗೆ ಬಾಗಿದಳು. ಅವಳು ಅವಳಾಚೆಯವಳಿಗೆ. ಮಾತು ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಗಾಜಿನ ಬಾಗಿಲಾಚೆ ಅಂಕದಯ್ಯ, ಮೇಸ್ತ್ರಿ, ನರೆತ ತಲೆಯ ಪರೀಕ್ಷಕರು ಬಂದು ನಿಂತಿದ್ದರು.

ಯಾರೂ ಅಲುಗಾಡಲಿಲ್ಲ. ಅತ್ತೆ ದೇವರ ಹೆಸರು ಹೇಳುವಾಗ ಕೂರುತ್ತಿದ್ದ ಹಾಗೆ ಜರಡಿಯಮ್ಮ ಕೂತಳು. ದೀಪ ಆರಿತು.

ಬಾಗಿಲಾಚೆ ಬೆಳಕಿತ್ತು. ಅಂಕದಯ್ಯ ಕೈ ಎತ್ತಿದ್ದು ಎಲ್ಲರಿಗೂ ಕಾಣಿಸಿತು.

ಜರಡಿಯಮ್ಮ ಏಳಲಿಲ್ಲ. ಏಳಬಾರದು ಎಂದು ಅವಳು ಗಟ್ಟಿಮನಸ್ಸು ಮಾಡಿರಲಿಲ್ಲ. ಅಷ್ಟು ದಿನ ನಡೆ ಅಂದರೆ ನಡೆದ, ಹೊರು ಅಂದರೆ ಹೊತ್ತ ಮೈ ಈಗ ಏಳು ಅಂದರೆ ಏಳಲಿಲ್ಲ, ಅಷ್ಟೆ. ಬಾಯಾಳಿ ಅರ್ಧ ಎದ್ದವಳು ಇವಳನ್ನು ನೋಡಿ ಮೆಲ್ಲನೆ ಕೂತಳು. ಉಳಿದವರು ಅವಳನ್ನು ನೋಡಿದರು.

ಅಂಕದಯ್ಯ ಮತ್ತೆ ಕೈ ಎತ್ತಿದ. ಎರಡೂ ಕೈ ಬೀಸಿದ. ಗಾಜು ತಟ್ಟಿದ. ಅವನ ಬಾಯಿ ತೆರೆದು ಮುಚ್ಚುತ್ತಿತ್ತು, ಸದ್ದು ಒಳಗೆ ಬರುತ್ತಿರಲಿಲ್ಲ. ಗಾಜು ಅಷ್ಟು ಒಳ್ಳೆಯದು. ಅದಕ್ಕೂ ಅಂಕ.

ಕೊನೆಗೆ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದ. ನುಗ್ಗಿದ ಕೂಡಲೇ ದೀಪವೆಲ್ಲ ಝಗ್ಗನೆ ಹತ್ತಿತು.

"ಕಿವಿ ಕೇಳಲ್ವಾ ನಿಮಗೆ? ಏಳಿ ಅಂದ್ರೆ ಏಳೋಕಾಗಲ್ವಾ?"

ಹಿಂದೆಯೇ ಬಂದ ಪರೀಕ್ಷಕರು ಸೂರು ನೋಡಿದರು. "ಬಿಡಿ, ದೀಪ ಸರಿಯಾಗಿ ಕೆಲಸ ಮಾಡ್ತಿದೆ," ಎಂದು ಕೈಯಲ್ಲಿದ್ದ ಯಂತ್ರದ ಮೇಲೆ ಬೆರಳೊತ್ತಿದರು.

ಬಾಯಾಳಿಗೆ ನಗು ಬಂತು. ತಡೆಯಲಾಗಲಿಲ್ಲ. "ಏಳದಿದ್ರೂ ಪಾಸಾಯ್ತಲ್ಲೇ!" ಅಂದಳು. ಯಾರೂ ನಗಲಿಲ್ಲ. ಅವಳ ನಗುವೂ ಅರ್ಧಕ್ಕೆ ನಿಂತಿತು.

ಪರೀಕ್ಷಕರು ಕೆಟ್ಟವರಂತೆ ಕಾಣಲಿಲ್ಲ. ಬಾಗಿ ಕೇಳಿದರು: "ಯಾಕಮ್ಮ, ಮೈಗೆ ಹುಷಾರಿಲ್ವಾ?"

"ನನ್ನ ಅತ್ತೆ ತೀರಿಕೊಂಡರು. ಹೂಳೋಕೆ ಜಾಗ ಬೇಕು. ಜಾಗದ ಮೇಲೆ ನಿಮ್ಮ ಕಲ್ಲಿದೆ."

"ಎಲ್ಲಿ?"

"ಹಿಂದುಗಡೆ. ಹುಲ್ಲಿನ ಕೆಳಗೆ. ನನ್ನ ಗಂಡ ಇದ್ದಾನೆ. ಇವಳ ಮಗು ಇದೆ. ಅವಳ ಅಣ್ಣ ಇದ್ದಾನೆ."

"ಸರ್, ಅದು ಪಾಳು ಜಾಗ. ದಾಖಲೆ ಎಲ್ಲ ಇದೆ," ಅಂದ ಅಂಕದಯ್ಯ.

ಪರೀಕ್ಷಕರ ಮುಖ ಸಣ್ಣದಾಯಿತು. "ಕಸ ಎಲ್ಲಿಗೆ ಹೋಯ್ತು ಅಂತ ನಾವು ಕೇಳ್ತೀವಮ್ಮ. ಎಷ್ಟು ಉಳೀತು ಅಂತ ಕೇಳ್ತೀವಿ. ಅದರ ಕೆಳಗೆ ಏನಿತ್ತು ಅಂತ ಕೇಳೋ ಪ್ರಶ್ನೆ ನಮ್ಮಲ್ಲಿಲ್ಲ."

"ಈಗ ಕೇಳಿ," ಅಂದಳು ಜರಡಿಯಮ್ಮ.

ಅವರು ಕೇಳಲಿಲ್ಲ. ಯಂತ್ರವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಮುಂದಿನ ಮಹಡಿ ನೋಡೋಣವೇ ಎಂದು ಅಂಕದಯ್ಯನ ಕಡೆ ತಿರುಗಿದರು.

ಆಗ ಜರಡಿಯಮ್ಮ ಎದ್ದಳು. ಯಾರೂ ಏಳು ಅಂದಿರಲಿಲ್ಲ. ಟೋಪಿ ತೆಗೆದು ನೆಲದ ಮೇಲಿಟ್ಟಳು. ಕೈಗವಸು ಬಿಚ್ಚಿ ಅದರೊಳಗಿಟ್ಟಳು.

"ಬೀಗದ ಕೈ ಕೊಡಿ."

"ಇಲ್ಲಿಂದ ಹೊರಗೆ ಹೋದ್ರೆ ನಾಳೆಯಿಂದ ಕೆಲಸ ಇಲ್ಲ," ಅಂದ ಮೇಸ್ತ್ರಿ. "ಒಬ್ಬಳಿಗೂ ಇಲ್ಲ."

"ಕಟ್ಟಡ ಮುಗೀತು. ನಾಳೆ ಹೇಗಿದ್ರೂ ಇಲ್ಲ," ಅಂದಳು ಬಾಯಾಳಿ. ಅವಳ ಟೋಪಿ ನೆಲದ ಮೇಲೆ ಉರುಳುತ್ತಾ ಹೋಗಿ ಅಂಕದಯ್ಯನ ಬೂಟಿಗೆ ತಾಗಿ ನಿಂತಿತು. ಆಮೇಲೆ ಟೋಪಿಗಳು ಒಂದೊಂದಾಗಿ ಕೆಳಗೆ ಬಂದವು.

ಅವರು ಅಂಗಳಕ್ಕೆ ಇಳಿದು ತಮ್ಮ ತಮ್ಮ ಸುತ್ತಿಗೆ, ಹಾರೆ, ಬುಟ್ಟಿ ತೆಗೆದುಕೊಂಡರು. ಅವು ಅವರ ಸ್ವಂತದವು. ಬೇಲಿಯ ಬಳಿ ಕಾವಲುಗಾರ ಇದ್ದ. "ಕೈ ನನ್ನ ಹತ್ರ ಇಲ್ಲಮ್ಮ" ಅಂದ. "ಕೈ ಬೇಡ, ಪಕ್ಕಕ್ಕೆ ಸರಿ" ಅಂದಳು ಜರಡಿಯಮ್ಮ. ಅವನು ಸರಿದು ರಸ್ತೆಯ ಕಡೆ ಮುಖ ಮಾಡಿ ನಿಂತ. ಗೋಡೆ ಒಡೆದ ಕೈಗೆ ಬೀಗ ಯಾವ ಲೆಕ್ಕ? ಒಂದೇ ಏಟು.

ಬಾಯಾಳಿ ಇಬ್ಬರನ್ನು ಕರೆದುಕೊಂಡು ಮನೆಯ ಕಡೆ ಹೋದಳು, ಅತ್ತೆಯನ್ನು ತರಲು. ಉಳಿದವರು ಹುಲ್ಲಿನ ಮೇಲೆ ನಿಂತರು. ಹುಲ್ಲು ಚಾಪೆಯಂತೆ ಹಾಸಿದ್ದು. ಸುತ್ತಿ ಪಕ್ಕಕ್ಕಿಟ್ಟರು. ಅದರ ಕೆಳಗೆ ಒಂದು ಗೇಣು ಕೆಂಪು ಮಣ್ಣು. ಅದರ ಕೆಳಗೆ ಅವರದೇ ಕಲ್ಲು.

"ಚರಂಡಿ ಕಡೆಯಿಂದ ನೋಡ್ತಾ ಬನ್ನಿ," ಅಂದಳು ಜರಡಿಯಮ್ಮ. "ಅವನ ಕರಣೆ ನೆಟ್ಟಿದ್ದೀನಿ. ಅದು ಸಿಕ್ಕಿದ್ರೆ ಎಡಗಡೆ ಅತ್ತೆ ಜಾಗ."

ಕುಕ್ಕರಗಾಲಲ್ಲಿ ಕೂತರು. ಕುಟ್ಟಿದರು, ಎತ್ತಿದರು, ಎಸೆದರು. ಬಿಸಿಲು ಬೆನ್ನಿಗೆ ಹತ್ತಿತು. ನೀಲಿ ಟೈಲಿನ ಚೂರು ಬೆರಳು ಕುಯ್ದವು. ಎಲ್ಲರ ಕಿವಿಗೂ ಒಂದೇ ಸದ್ದು, ವರ್ಷಗಟ್ಟಲೆ ಕೇಳಿದ ಸದ್ದು. ಕೇಳುತ್ತಾ ಕೇಳುತ್ತಾ ಮನಸ್ಸು ಎಲ್ಲಿಗೋ ಹೋಯಿತು. ಕೈ ಮಾತ್ರ ಅಲ್ಲಿತ್ತು.

ಬಾಯಾಳಿ ಹಗ್ಗದ ಮಂಚದಲ್ಲಿ ಅತ್ತೆಯನ್ನು ಹೊರಿಸಿಕೊಂಡು ಬಂದಾಗ ಗುಂಡಿಯ ಸುತ್ತ ಗುಡ್ಡೆಗಳಿದ್ದವು. ಅವಳು ಮಂಚ ಇಳಿಸಿ ಸುತ್ತ ನೋಡಿದಳು.

"ಅಯ್ಯೋ ನಿಮ್ಮ! ಇಲ್ಲೂ ಬೇರೆ ಮಾಡಿದ್ದೀರಲ್ರೇ!"

ಹೆಂಗಸರು ಆಗ ನೋಡಿದರು. ನಾಲ್ಕು ಗುಡ್ಡೆ. ಕಲ್ಲು ಒಂದು ಕಡೆ. ಮರ ಒಂದು ಕಡೆ. ಪುಡಿ ಒಂದು ಕಡೆ. ಕಬ್ಬಿಣ ಒಂದು ಕಡೆ. ಯಾರೂ ಹೇಳಿರಲಿಲ್ಲ. ಯಾರೂ ನೋಡಿಯೂ ಇರಲಿಲ್ಲ.

ಕಬ್ಬಿಣದ ಗುಡ್ಡೆಯ ಮೇಲೆ, ತುಕ್ಕು ಹಿಡಿದ ಸರಳುಗಳ ನಡುವೆ, ಒಂದು ಕರಣೆ ಇತ್ತು. ಅಲಗಿಗೆ ಬೊಗಸೆಯಷ್ಟು ಸಿಮೆಂಟು ಇನ್ನೂ ಅಂಟಿತ್ತು.

ಬಾಯಾಳಿ ಅದನ್ನು ಎತ್ತಿ ಹಿಡಿದಳು. "ಇದು ಎಲ್ಲಿ ಸಿಕ್ತು? ಯಾರು ತೆಗೆದಿದ್ದು?"

ಒಬ್ಬರ ಮುಖ ಒಬ್ಬರು ನೋಡಿದರು.

"ನಾನು," ಅಂದಳು ಜರಡಿಯಮ್ಮ.

ಕಬ್ಬಿಣ ಕೈಗೆ ಸಿಕ್ಕಿತ್ತು. ಕಬ್ಬಿಣದ ಗುಡ್ಡೆಗೆ ಎಸೆದಿದ್ದಳು. ಎಸೆದದ್ದು ಕೈಗೆ ನೆನಪಿತ್ತು, ಎಲ್ಲಿಂದ ತೆಗೆದದ್ದೆಂದು ನೆನಪಿರಲಿಲ್ಲ. ಅಗೆದ ಗುಂಡಿ ಆಳುದ್ದ ಇತ್ತು, ಅಡ್ಡಡ್ಡ ಅಗಲವಾಗಿತ್ತು. ಈ ತುದಿಯೋ, ಆ ತುದಿಯೋ. ಅವಳು ಗುಂಡಿಯೊಳಗೆ ಇಳಿದು ಅಂಗೈಯಿಂದ ನೆಲ ತಡವಿದಳು. ಮಣ್ಣು ಎಲ್ಲ ಕಡೆ ಒಂದೇ ಆಗಿತ್ತು.

ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಾಯಾಳಿ ಇಳಿದು ಅವಳ ಪಕ್ಕದಲ್ಲಿ ಕೂತಳು. "ಇಲ್ಲೇ ಎಲ್ಲೋ ಇದ್ದಾನೆ. ಇಲ್ಲೇ ಮಲಗಿಸೋಣ. ಪಕ್ಕದಲ್ಲೋ, ಕಾಲ ಹತ್ರವೋ. ತಾಯಿ ಮಗ ಅಲ್ವಾ? ಹುಡುಕ್ಕೊಳ್ತಾರೆ."

ಅತ್ತೆಯನ್ನು ಇಳಿಸಿದರು. ಅವಳು ಹೇಳಿದ್ದು ನಿಜ, ದಪ್ಪ ಇರಲಿಲ್ಲ. ಪ್ರಾರ್ಥನೆ ಹೇಳಬೇಕಾದ ಹಿರಿಯಳೇ ಕೆಳಗೆ ಮಲಗಿದ್ದರಿಂದ ಯಾರಿಗೂ ಮಾತು ಪೂರ್ತಿ ಬರಲಿಲ್ಲ. ದೇವರ ಹೆಸರು ಹೇಳಿದರು, ಅಲ್ಲಿಗೆ ನಿಲ್ಲಿಸಿದರು. ಯಾರು ಎಲ್ಲಿದ್ದಾರೆ ಎಂದು ಅವನೊಬ್ಬನಿಗಾದರೂ ಗೊತ್ತಿರಬೇಕು. ಮೇಲೆ ಮಣ್ಣನ್ನೇ ಮುಚ್ಚಿದರು. ಒಂದು ಕಲ್ಲನ್ನೂ ಹಾಕಲಿಲ್ಲ. ನಾಲ್ಕು ಗುಡ್ಡೆಯನ್ನು ಹಾಗೇ ಬಿಟ್ಟರು. ಜರಡಿಯಮ್ಮ ಕರಣೆಯನ್ನು ನೆಡಲಿಲ್ಲ. ಯಾರ ತಲೆಗೆ ನೆಡಬೇಕು? ಸೆರಗಿನಲ್ಲಿ ಸುತ್ತಿಕೊಂಡಳು.

ಗಾಜಿನ ಹಿಂದೆ ಯಾರೋ ನಿಂತು ನೋಡುತ್ತಿದ್ದರು. ಒಳಗೆ ಬೆಳಕಿರಲಿಲ್ಲವಾದ್ದರಿಂದ ಯಾರೆಂದು ತಿಳಿಯಲಿಲ್ಲ.

ಮುಂದೆ ಆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಕಟ್ಟಡಕ್ಕೆ ಮೇಲಿನ ದರ್ಜೆ ಸಿಕ್ಕಿತು. ಬಾಗಿಲಲ್ಲಿ ಫಲಕ ಬಂತು. ಹಿಂದಿನ ಜಾಗಕ್ಕೆ ಕೊಟ್ಟ ಅಂಕವನ್ನು ಯಾರೂ ಹಿಂದಕ್ಕೆ ಪಡೆಯಲಿಲ್ಲ. ಹೆಂಗಸರಿಗೆ ಆ ಮೇಸ್ತ್ರಿಯ ಹತ್ತಿರ ಮತ್ತೆ ಕೆಲಸ ಸಿಗಲಿಲ್ಲ, ಅವನ ಪರಿಚಯದ ಮೇಸ್ತ್ರಿಗಳ ಹತ್ತಿರವೂ ಸಿಗಲಿಲ್ಲ. ಬೇಲಿಯನ್ನು ರಿಪೇರಿ ಮಾಡಿಸಿದರು. ಅದಾದ ಮೇಲೆ ಪಕ್ಕದ ಮನೆಯ ಅಜ್ಜಿ ಹೋದಳು. ಬೇಲಿಗೆ ಹಾಕಿದ ಬೀಗ ಹೊಸದು. ಸುತ್ತಿಗೆ ಹಳೆಯದೇ.

ಅವತ್ತು ಮುಸ್ಸಂಜೆಗೆ ಜರಡಿಯಮ್ಮ ಮನೆಗೆ ಬಂದಳು. ಬಾಗಿಲು ಮುಂದೆ ಮಾಡಿದ್ದರು. ಹೆಣ ಎತ್ತುವ ಗಡಿಬಿಡಿಯಲ್ಲಿ ಯಾರೂ ಬಲ್ಬು ಆರಿಸಿರಲಿಲ್ಲ. ಬೆಳಿಗ್ಗೆ ಸಿಕ್ಕಿಸಿದ ಮೊಳೆಯಲ್ಲೇ, ಖಾಲಿ ನೆಲದ ಮೇಲೆ ಉರಿಯುತ್ತಿತ್ತು. ಗೋಡೆಯಲ್ಲಿ ಅತ್ತೆ ಒರಗಿ ಒರಗಿ ಸುಣ್ಣ ಹೋದ ಜಾಗವೊಂದಿತ್ತು. ಅಲ್ಲಿ ಬೆನ್ನು ಕೊಟ್ಟು ಕೂತಳು. ಸೆರಗಿನಿಂದ ಕರಣೆ ತೆಗೆದು ಮಡಿಲಲ್ಲಿಟ್ಟುಕೊಂಡಳು. ಲೋಟ ಮೂಲೆಯಲ್ಲಿ ಮಗುಚಿತ್ತು.

ಜಾಗ ಇದೆಯಲ್ವಾ ಎಂದು ಯಾರೂ ಕೇಳಲಿಲ್ಲ.

ಅವಳು ಕೈ ಆಡಿಸಲಿಲ್ಲ. ಕಾಲು ಚಾಚಲಿಲ್ಲ. ಒರೆಸಿಕೊಳ್ಳಲು ಕಣ್ಣಲ್ಲಿ ಏನೂ ಇರಲಿಲ್ಲ. ಹೊರಗೆ ಕತ್ತಲಾಗಿ, ಬೀದಿಯ ಮಕ್ಕಳ ಸದ್ದು ಅಡಗುವವರೆಗೂ ಅಲುಗಾಡದೆ ಕೂತಿದ್ದಳು.

ಬಲ್ಬು ಉರಿಯುತ್ತಲೇ ಇತ್ತು.